ಬೆಳಗಿನ ಜಾವ 4ಕ್ಕೆ ಇನ್ವರ್ಟರ್ ಆಫ್, ಗ್ಯಾಸ್ ಉರಿಯೂ ಸಣ್ಣ. ಯಾರಾದ್ರೂ ಹೇಳಿ

ಗಾಲಿಮನೆ:
ತಲೆ ಕೆಟ್ಟು ಹೋಗಿದೆ. ಶನಿವಾರ ಸಕಲೇಶಪುರದ ಹತ್ರ ಒಂದು ಕಾಫಿ ತೋಟದಲ್ಲಿ ನಮ್ಮ ಕ್ಯಾಂಪರ್ ವ್ಯಾನ್ ನಿಲ್ಸಿ ಮಲಗಿದ್ವಿ. ಅಲ್ಲಿ ಕರೆಂಟ್ ಇಲ್ಲ. 150 ಎಎಚ್ (ಆ್ಯಂಪ್-ಅವರ್) ಬ್ಯಾಟರಿ, ಮೇಲೆ 330 ವ್ಯಾಟ್ ಸೋಲಾರ್, ಸಾಲದ್ದಕ್ಕೆ ಬೆಂಗಳೂರಿಂದ ಐದು ಗಂಟೆ ಡ್ರೈವ್. ಫುಲ್ ಇರ್ಬೇಕು ತಾನೇ? ಬೆಳಗಿನ ಜಾವ ನಾಲ್ಕಕ್ಕೆ ಕುಂಯ್ ಅಂತ ಕೂಗಿ ಎಲ್ಲ ಆಫ್. ಫ್ರಿಜ್‌ನಲ್ಲಿದ್ದ ದೋಸೆ ಹಿಟ್ಟು ಹುಳಿ. ಕಾಫಿಗೆ ನೀರಿಟ್ರೆ ಒಲೆ ಉರಿ ಹಣತೆಯಷ್ಟು. ಬ್ಯಾಟರಿ ಮಾರಿದವನ ಹತ್ರ ಜಗಳಕ್ಕೆ ಹೋಗ್ಲಾ?

ಧಾರವಾಡ_ಡೀಸೆಲ್:
ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಯಾವಾಗ ಹಾಕೀರಿ? ನಾ ನೋಡಿದ ಕೇಸೆಲ್ಲ ಅದೇ ಐತ್ರಿ.

ಓಂ_ಬ್ರಹ್ಮ:
ಯಾವ ಬ್ಯಾಟರಿ, ಯಾವ ಫ್ರಿಜ್ ಅಂತಾನೇ ಹೇಳಿಲ್ವಲ್ಲ ಸ್ವಾಮಿ.

ಗಾಲಿಮನೆ:
ಮಾಮೂಲಿ ಟ್ಯೂಬುಲರ್, ಮನೆಯ ಯುಪಿಎಸ್‌ಗೆ ಹಾಕ್ತಾರಲ್ಲ ಅದು. ಫ್ರಿಜ್ ಸಿಂಗಲ್ ಡೋರ್, ಇನ್ವರ್ಟರ್ ಮೇಲೆ. ಇದೆಲ್ಲ ಯಾಕೆ ಬೇಕು?

ಓಂ_ಬ್ರಹ್ಮ:
ಅದೇ ಬೇಕಿರೋದು. ಟ್ಯೂಬುಲರ್‌ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದ್ರೆ ನಿಮ್ಮ ಕೈಗೆ ಸಿಗೋದು 75 ಎಎಚ್, 12 ವೋಲ್ಟ್‌ಗೆ ಸುಮಾರು 900 ವ್ಯಾಟ್-ಅವರ್. ಫ್ರಿಜ್ 100 ವ್ಯಾಟ್ ಅಂತ ಹಿಡೀರಿ, ಅರ್ಧ ಹೊತ್ತು ಓಡಿದ್ರೂ ಹತ್ತು ಗಂಟೆಗೆ 500. ಇನ್ವರ್ಟರ್ ಸುಮ್ನೆ ಕೂತಿದ್ರೂ 20 ವ್ಯಾಟ್ ತಿನ್ನುತ್ತೆ, ಅದು 200. ಫ್ಯಾನು, ಲೈಟು, ಮೊಬೈಲು ಬೇರೆ. ಫುಲ್ ಇದ್ರೇನೇ ಬೆಳಗಾಗೋದು ಕಷ್ಟ. ಫುಲ್ ಇತ್ತು ಅಂತ ಹೇಗೆ ಗೊತ್ತು?

ಗಾಲಿಮನೆ:
ಹಸಿರು ಲೈಟ್ ಉರೀತಿತ್ತು.

ಧಾರವಾಡ_ಡೀಸೆಲ್:
ನೀರು ನೋಡ್ರಿ ಮೊದ್ಲ.

ಲಿಥಿಯಂ_ಗೌಡ:
ಇನ್ನೂ ಆ್ಯಸಿಡ್ ಬ್ಯಾಟರಿ ಹೊರ್ತೀರಾ ಗುರೂ? ನಂದು 200 ಎಎಚ್ ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಬ್ಯಾಟರಿ, 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಮೂರು ದಿನ ನಿಲ್ಲಿಸಿದ್ರೂ ಅಲ್ಲಾಡಲ್ಲ. ಹಿಂದೆ ನೆರಳಿಗೆ ಆನಿಂಗ್ ಕೂಡ ಹಾಕಿಸ್ದೆ, ಫೋಟೋ ಆಮೇಲೆ ಹಾಕ್ತೀನಿ.

ಧಾರವಾಡ_ಡೀಸೆಲ್:
ಸೊನ್ನೆ ಡಿಗ್ರಿ ಕೆಳಗ ಅದನ್ನ ಚಾರ್ಜ್ ಮಾಡಾಕ ಬರಂಗಿಲ್ಲ. ಹಿಮಾಚಲದ ಸ್ಪಿತಿಗೆ ಒಯ್ದು ನೋಡ್ರಿ, ಆಮ್ಯಾಲ ಮಾತಾಡೂಣು.

ಲಿಥಿಯಂ_ಗೌಡ:
ಸಕಲೇಶಪುರದಲ್ಲಿ ಯಾವಾಗ ಹಿಮ ಬಿತ್ತು ಸಾರ್?

ಓಂ_ಬ್ರಹ್ಮ:
ನಿಮ್ಮಿಬ್ಬರ ಜಗಳ ಬೇರೆ ಕಡೆ ಇಟ್ಕೊಳ್ಳಿ. ಗಾಲಿಮನೆ, ತೋಟದ ಸಿಲ್ವರ್ ಓಕ್ ನೆರಳಲ್ಲಿ ಸೋಲಾರ್ ಲೆಕ್ಕಕ್ಕೇ ಇಲ್ಲ. ಇಂಜಿನ್ ಓಡುವಾಗ ಚಾರ್ಜ್ ಮಾಡೋ ಆಲ್ಟರ್ನೇಟರ್‌ನಿಂದ ಹಿಂದಿನ ಬ್ಯಾಟರಿಗೆ ಎಷ್ಟು ದಪ್ಪದ ವೈರ್ ಎಳೆದಿದ್ದಾರೆ?

ಗಾಲಿಮನೆ:
6 ಸ್ಕ್ವೇರ್ ಎಂಎಂ. ದಪ್ಪಾನೇ ಇದೆ. ಆರು ಮೀಟರ್ ಇರಬಹುದು, ಮಧ್ಯೆ ಸ್ವಿಚ್ ಥರ ಒಂದು ರಿಲೇ.

ಓಂ_ಬ್ರಹ್ಮ:
ಸಿಕ್ತು. ಹೋಗಿ ಬರೋಕೆ 12 ಮೀಟರ್. 30 ಆ್ಯಂಪ್ ಹರಿದ್ರೆ 1 ವೋಲ್ಟ್ ವೈರಲ್ಲೇ ಸೋರಿಹೋಗುತ್ತೆ. ಟ್ಯೂಬುಲರ್‌ಗೆ 14.4ರ ಹತ್ರ ಬೇಕು, ನಿಮಗೆ 13 ಚಿಲ್ಲರೆ ಸಿಗ್ತಿದೆ. ಗಾಡಿ ಬಿಎಸ್6 ಆದ್ರೆ ಆಲ್ಟರ್ನೇಟರೇ ವೋಲ್ಟೇಜ್ ಇಳಿಸೋದೂ ಉಂಟು. ವೋಲ್ಟೇಜ್ ಏರಿಸಿ ಕೊಡೋ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಅಲ್ಲಿವರೆಗೆ ಇಂಜಿನ್ ಓಡ್ತಿರುವಾಗ ಹಿಂದಿನ ಬ್ಯಾಟರಿ ಟರ್ಮಿನಲ್‌ಗೇ ಮೀಟರ್ ಇಟ್ಟು ನೋಡಿ. ಹಸಿರು ಲೈಟನ್ನ ಮರೆತುಬಿಡಿ.

ಕಾಡುದಾರಿ:
ಗ್ಯಾಸ್ ವಿಷಯ ಯಾರೂ ಎತ್ತಲಿಲ್ಲ. 5 ಕೆಜಿ ಸಿಲಿಂಡರಾ? ಚಳಿ ಬೆಳಗ್ಗೆ ಒತ್ತಡ ಕಮ್ಮಿಯಾಗುತ್ತೆ. ಪ್ರೊಪೇನ್ ಭಾಗ ಮೊದಲು ಖರ್ಚಾಗಿ, ತಳದಲ್ಲಿ ಬ್ಯೂಟೇನೇ ಹೆಚ್ಚು ಉಳಿಯೋದು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ ಬಂದ್ರೆ ಆವಿಯಾಗೋದೇ ಇಲ್ಲ. ತೂಕ ಹಾಕಿ, ಸಿಲಿಂಡರ್ ಮೇಲೆ ಬರೆದಿರೋ ಖಾಲಿ ತೂಕ ಕಳೀರಿ. ಬಿಸಿನೀರು ಗಿಸಿನೀರು ಸುರಿಯೋಕೆ ಹೋಗ್ಬೇಡಿ. ಅಂದಹಾಗೆ ಎಲ್ಲಿಟ್ಟಿದ್ದೀರಿ?

ಗಾಲಿಮನೆ:
ಸೀಟ್ ಕೆಳಗಿನ ಬಾಕ್ಸಲ್ಲಿ, ಬ್ಯಾಟರಿ ಪಕ್ಕ. ರಿಲೇನೂ ಅಲ್ಲೇ. ನೀಟಾಗಿ ಕೂತಿದೆ.

ಕಾಡುದಾರಿ:
ಅಯ್ಯೋ ಮಾರಾಯ್ರೇ! ಇವತ್ತೇ ಸಿಲಿಂಡರ್ ಹೊರಗೆ ತೆಗೀರಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಆ ಬಾಕ್ಸ್ ತಳದಲ್ಲೇ ತುಂಬ್ಕೊಳ್ಳುತ್ತೆ. ಟ್ಯೂಬುಲರ್ ಚಾರ್ಜ್ ಆಗ್ವಾಗ ಹೈಡ್ರೋಜನ್ ಬಿಡುತ್ತೆ. ಅದ್ರ ಮಧ್ಯೆ ಕಿಡಿ ಹಾರಿಸೋ ರಿಲೇ. ಸಿಲಿಂಡರ್‌ಗೆ ಬೇರೆ ಖಾನೆ ಬೇಕು, ನೆಲಮಟ್ಟದಲ್ಲಿ ಹೊರಕ್ಕೆ ತೂತು ಇರ್ಬೇಕು. ಬ್ಯಾಟರಿಗೆ ಮೇಲ್ಗಡೆ ಗಾಳಿ ದಾರಿ.

ಓಂ_ಬ್ರಹ್ಮ:
ನಾನು ವೈರಿನ ಹಿಂದೆ ಬಿದ್ದು ಇದನ್ನ ಕೇಳಲೇ ಇಲ್ಲ. ಅವರು ಹೇಳಿದ್ದು ಮೊದಲು ಮಾಡಿ.

ಗಾಲಿಮನೆ:
ತೆಗೆದೆ. ಮನೆಯವಳು ಎರಡು ದಿನದಿಂದ ಮಾತಾಡ್ತಿಲ್ಲ, ಅದು ಬೇರೆ. ಸಿಲಿಂಡರ್‌ನಲ್ಲಿ ಇದ್ದಿದ್ದು 600 ಗ್ರಾಂ. ಇಂಜಿನ್ ಓಡಿಸಿ ನೋಡಿದೆ, ಹಿಂದೆ 13.1. ಮತ್ತೆ... ಎರಡು ಸೆಲ್‌ನಲ್ಲಿ ಪ್ಲೇಟ್ ಕಾಣೋಷ್ಟು ನೀರು ಕಮ್ಮಿ ಇತ್ತು.

ಧಾರವಾಡ_ಡೀಸೆಲ್:
😎

ಓಂ_ಬ್ರಹ್ಮ:
ಒಣಗಿದ ಪ್ಲೇಟ್ ಪೂರ್ತಿ ವಾಪಸ್ ಬರೋದು ಡೌಟು. ಆದ್ರೂ ಕಾರಣ ವೈರೇ.

ಧಾರವಾಡ_ಡೀಸೆಲ್:
ಆಗ್ಲಿ ಬಿಡ್ರಿ, ವೈರಿಗೂ ಒಂದೀಟು ನೀರು ಹಾಕ್ರಿ.

ಲಿಥಿಯಂ_ಗೌಡ:
ಆನಿಂಗ್ ಫೋಟೋ ಅಪ್‌ಲೋಡ್ ಆಗ್ತಿಲ್ಲ, ಸೈಜ್ ಎಷ್ಟಿರಬೇಕು?