ಮುರಿದ ಹಲ್ಲಿನ ಚೂರನ್ನೇ ಮತ್ತೆ ಅಂಟಿಸಿದರೆ ಗಟ್ಟಿ ನಿಲ್ಲುತ್ತದಾ?

ಪ್ರಶ್ನೆ (ಕಟಪಾಡಿಯಿಂದ): ಡಾಕ್ಟ್ರೇ ನಮಸ್ಕಾರ. ಮಗನಿಗೆ 11 ವರ್ಷ. ನಿನ್ನೆ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದು ಮೇಲಿನ ಮುಂದಿನ ಹಲ್ಲು ಓರೆಯಾಗಿ ತುಂಡಾಗಿದೆ. ಚೂರು ಸಿಕ್ಕಿತು, ಕಾಗದದಲ್ಲಿ ಕಟ್ಟಿ ಇಟ್ಟಿದ್ದೇನೆ. ರಕ್ತ ಇಲ್ಲ, ತಣ್ಣೀರು ಕುಡಿದರೆ ಜುಂ ಅನ್ನುತ್ತದಂತೆ. ಅದೇ ಚೂರು ಅಂಟಿಸಬಹುದು ಅಂತ ಕೇಳಿದ್ದೇನೆ. ನಮ್ಮ ಅತ್ತೆ ಮಾತ್ರ, ಅಂಟಿಸಿದ್ದು ಎಷ್ಟು ದಿನ ನಿಂತೀತು, ಕ್ಯಾಪ್ ಹಾಕಿಸಿ ಅನ್ನುತ್ತಾರೆ. ಎಂತ ಮಾಡುವುದು?

ಉತ್ತರ: ಅಕ್ಕ, ಮೊದಲು ಆ ಚೂರನ್ನು ಒಂದು ಲೋಟ ನೀರಿಗೆ ಹಾಕಿ, ಉಳಿದದ್ದು ಆಮೇಲೆ ಓದಿ.

ಯಾಕೆಂದರೆ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಒಳಗಿರುವ ಡೆಂಟಿನ್ ಎಂಬ ಪದರದಲ್ಲಿ ನೀರಿನ ಅಂಶ ಇರುತ್ತದೆ. ಚೂರು ಒಣಗಿದರೆ ಅದರ ಸಣ್ಣ ನಾರುಗಳು ಒಣ ಸ್ಪಂಜಿನ ಹಾಗೆ ಮುದುಡುತ್ತವೆ, ಅಂಟು ಒಳಗೆ ಇಳಿಯುವುದಿಲ್ಲ. ಬಣ್ಣವೂ ಸುಣ್ಣದ ಹಾಗೆ ಬಿಳಿಚುತ್ತದೆ. ಅಂಟಿಸುವ ಮುಂಚೆ 20 ನಿಮಿಷವಾದರೂ ನೀರಿನಲ್ಲೋ ಸಲೈನ್‌ನಲ್ಲೋ (ಆಸ್ಪತ್ರೆಯ ಉಪ್ಪುನೀರು) ನೆನೆಸಬೇಕು, ಹಾಗಾಗಿ ನಿಮ್ಮ ಚೂರು ಕೆಟ್ಟುಹೋಗಿಲ್ಲ, ಹೆದರಬೇಡಿ.

ಈಗ ಗಟ್ಟಿಯ ವಿಷಯ. ಲ್ಯಾಬ್ ಪರೀಕ್ಷೆಗಳಲ್ಲಿ ಕಂಡದ್ದು ಇಷ್ಟು: ಸುಮ್ನೆ ಚೂರು ಕೂರಿಸಿ ಅಂಟಿಸಿದರೆ ಇಡೀ ಹಲ್ಲಿನ ಶಕ್ತಿಯ ಅರ್ಧದಷ್ಟು, ಕೆಲವು ಸಲ ಅದಕ್ಕಿಂತಲೂ ಕಡಿಮೆ ವಾಪಸ್ ಬರುತ್ತದೆ. ಅದೇ ಕೂಡಿದ ಗೆರೆಯ ಮೇಲೆ ಎನಾಮೆಲ್ ಸ್ವಲ್ಪ ತೆಗೆದು ಕಾಂಪೋಸಿಟ್‌ನ (ಹಲ್ಲಿನ ಬಣ್ಣದ ಫಿಲ್ಲಿಂಗ್) ತೆಳು ಪದರ ಹೊದೆಸಿದರೆ, ಇಲ್ಲವೇ ಒಳಗೆ ಸಣ್ಣ ತೋಡು ಕೊರೆದು ಅದನ್ನೇ ತುಂಬಿಸಿದರೆ, 90 ಪರ್ಸೆಂಟ್ ದಾಟಿದ್ದೂ ಉಂಟು. ಅಂದರೆ ಯಾವ ಕಂಪನಿಯ ಅಂಟು ಅನ್ನುವುದಕ್ಕಿಂತ ಡಾಕ್ಟರ್ ಗೆರೆಯನ್ನು ಹೇಗೆ ಸಿದ್ಧಮಾಡುತ್ತಾರೆ ಅನ್ನುವುದೇ ಮುಖ್ಯ. ಇದನ್ನು ನೀವು ಧೈರ್ಯವಾಗಿ ಕೇಳಿ.

ಕ್ಯಾಪ್ ಈಗ ಬೇಡವೇ ಬೇಡ. ಈ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಜಾಗ ದೊಡ್ಡದು, ಕ್ಯಾಪಿಗಾಗಿ ಸುತ್ತ ಅರೆದರೆ ನರಕ್ಕೇ ಏಟು. ಒಸಡೂ ಇನ್ನೂ ಮೇಲೆ ಸರಿಯುತ್ತದೆ, ಆಗ ಕ್ಯಾಪಿನ ಅಂಚು ಕಾಣುತ್ತದೆ. ಚೂರು ಅಂಟಿಸಿದರೆ ಮುಂದಿನ ಯಾವ ದಾರಿಯೂ ಮುಚ್ಚುವುದಿಲ್ಲ.

ಒಂದು ಮಾತು: ಚೂರು ಹಲ್ಲಿಗೆ ಪೂರ್ತಿ ಹೊಂದದಿದ್ದರೆ, ತುಟಿ ಒಡೆದಿದ್ದರೆ, ಉಳಿದ ಕಣ ತುಟಿಯೊಳಗೇ ಸಿಕ್ಕಿರಬಹುದು. ಎಕ್ಸ್‌ರೇ ತೆಗೆಸಿ.

ಪ್ರಶ್ನೆ (ಅದೇ ಅಕ್ಕ): ನೀರಿಗೆ ಹಾಕಿದೆ ಡಾಕ್ಟ್ರೇ. ಅಂಟಿಸಿದ ಮೇಲೆ ಪಥ್ಯ ಏನಾದರೂ?

ಉತ್ತರ: ಚಕ್ಕುಲಿ, ಪೇರಳೆ, ಕಬ್ಬು, ಕೋರಿರೊಟ್ಟಿಯ ಒಣ ರೊಟ್ಟಿ ಇವನ್ನು ಮುಂದಿನ ಹಲ್ಲಲ್ಲಿ ಕಚ್ಚುವುದು ಬೇಡ. ಮುರಿದು ಹಿಂದಿನ ಹಲ್ಲಲ್ಲಿ ತಿನ್ನಲಿ. ಪೆನ್ನಿನ ಮುಚ್ಚಳ ಕಡಿಯುವ ಅಭ್ಯಾಸ ಇದ್ದರೆ ಬಿಡಿಸಿ. 6ರಿಂದ 8 ವಾರ ಕಳೆದ ಮೇಲೆ ಒಮ್ಮೆ, ಮತ್ತೆ ವರ್ಷವಾದಾಗ ಒಮ್ಮೆ ತೋರಿಸಲೇಬೇಕು. ಹಲ್ಲು ಕಪ್ಪಾದರೆ, ಒಸಡಿನಲ್ಲಿ ಗುಳ್ಳೆ ಎದ್ದರೆ ಕಾಯಬೇಡಿ, ನರ ಸಾಯುತ್ತಿರಬಹುದು.

ಪ್ರಶ್ನೆ (ಸುರತ್ಕಲ್‌ನಿಂದ): ನಂದು ಹೀಗೇ ಅಂಟಿಸಿದ್ದು ವಾಲಿಬಾಲ್ ಆಡುವಾಗ ಬಿಟ್ಟುಹೋಯಿತು. ಫೆವಿಕ್ವಿಕ್ ಹಾಕಿ ಎರಡು ದಿನ ನೂಕಬಹುದಾ ಸರ್?

ಉತ್ತರ: ಖಂಡಿತ ಬೇಡ ಮಾರಾಯ್ರೆ. ಆ ಅಂಟು ಮೇಲ್ಮೈಯಲ್ಲಿ ಗಟ್ಟಿಯಾಗಿ ಕೂತರೆ ನಮ್ಮ ಬಾಂಡಿಂಗ್ (ಹಲ್ಲಿಗೆ ಹಾಕುವ ಅಂಟು) ಹಿಡಿಯುವುದಿಲ್ಲ, ಅದನ್ನು ಕೆರೆಯಲು ಹೋದರೆ ಚೂರೇ ಸವೆಯುತ್ತದೆ. ಅಂಟಿಸಿದ ಚೂರು ಬಿಡುವುದು ಹೆಚ್ಚಾಗಿ ಇನ್ನೊಂದು ಪೆಟ್ಟಿಗೇ. ಅದೇ ಚೂರು ಒಡೆಯದೆ ಇದ್ದರೆ ಮತ್ತೆ ಕೂರಿಸಬಹುದು. ನೀರಲ್ಲಿಟ್ಟು ಇವತ್ತೇ ತನ್ನಿ, ಆಮೇಲೆ ಆಟಕ್ಕೆ ನಿಮ್ಮ ಹಲ್ಲಿನ ಅಳತೆಗೆ ಮೌತ್‌ಗಾರ್ಡ್ (ಹಲ್ಲಿಗೆ ಹಾಕುವ ರಕ್ಷಾಕವಚ) ಮಾಡಿಸಿ.