ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್ ಕೊಳ್ಳಲೇ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಏಳೂವರೆಗೆ ಅತ್ತೆಯವರ ಧಾರಾವಾಹಿ, ಅದೇ ಹೊತ್ತಿಗೆ ಮಾವನವರ ಕ್ರಿಕೆಟ್. ದೋಸೆ ಹುಯ್ಯುತ್ತಾ ಇಬ್ಬರ ದೂರನ್ನೂ ಕೇಳುವವಳು ನಾನು. ಈ ಬಾಕ್ಸ್‌ನಿಂದ ಪ್ರಯೋಜನವಿದೆಯೇ? ಮಳೆ ಬಂದರೆ ಇಲ್ಲಿ ಇಂಟರ್ನೆಟ್ ಇರುವುದಿಲ್ಲ. ದಯವಿಟ್ಟು ಮೊಬೈಲ್ ಆ್ಯಪ್ ಹೇಳಬೇಡಿ.

ಉತ್ತರ (ಹಾಸನ):
ಎಂಟು ವರ್ಷದಿಂದ ನಮ್ಮಲ್ಲಿದೆ. ಎರಡು ಟ್ಯೂನರ್ (ವಾಹಿನಿಯನ್ನು ಹಿಡಿಯುವ ಭಾಗ) ಇರುವುದನ್ನೇ ಕೇಳಿ ಪಡೆಯಿರಿ. ಆಗ ಒಂದು ವಾಹಿನಿ ನೋಡುತ್ತಲೇ ಇನ್ನೊಂದನ್ನು ರೆಕಾರ್ಡ್ ಮಾಡಬಹುದು. ಧಾರಾವಾಹಿಯನ್ನು ಒಮ್ಮೆ ಗುರುತು ಮಾಡಿಟ್ಟರೆ ಪ್ರತಿ ಕಂತೂ ತಾನಾಗಿ ಸೇರುತ್ತದೆ. ನನಗೆ ಹೆಚ್ಚು ಒದಗಿದ್ದು ನೇರ ಪ್ರಸಾರವನ್ನೇ ತಡೆದು ನಿಲ್ಲಿಸುವ ಗುಂಡಿ: ಕುಕ್ಕರ್ ಕೂಗಿದರೆ ನಿಲ್ಲಿಸಿ ಎದ್ದು ಹೋಗುತ್ತೇನೆ. ರೆಕಾರ್ಡ್ ಆದದ್ದರಲ್ಲಿ ಜಾಹೀರಾತನ್ನು ವೇಗವಾಗಿ ಮುಂದಕ್ಕೆ ಓಡಿಸಿದರೆ ಅರ್ಧ ಗಂಟೆಯ ಕಂತು ಸುಮಾರು 20 ನಿಮಿಷಕ್ಕೆ ಮುಗಿಯುತ್ತದೆ. (ಅದರಲ್ಲೂ ಐದು ನಿಮಿಷ ಎಲ್ಲರೂ ಪರಸ್ಪರ ದುರುಗುಟ್ಟುವುದೇ.)

ಉತ್ತರ (ಶಿರಸಿ):
ಯುಪಿಎಸ್ ಮರೆಯಬೇಡಿ. ಕಳೆದ ಆಷಾಢದಲ್ಲಿ ಕರೆಂಟ್ ಹೋಗಿ, ನಮ್ಮ ಮನೆಯ ಧಾರಾವಾಹಿಯ ಮದುವೆ ಮಾಂಗಲ್ಯಧಾರಣೆಗೆ ಮುಂಚೆಯೇ ನಿಂತುಹೋಯಿತು. ಬಾಕ್ಸ್ ಕೆಟ್ಟು ಬದಲಾಯಿಸಿದಾಗ ಹಳೆಯ ರೆಕಾರ್ಡಿಂಗ್ ಹೊಸದರಲ್ಲಿ ತೆರೆಯಲೇ ಇಲ್ಲ.

ಪ್ರಶ್ನೆ ಕೇಳಿದವರು:
ಅತ್ತೆಯವರಿಗೆ ವಿವರಿಸಿದೆ. "ನಾಳೆ ನೋಡಿದರೆ ಬೆಳಿಗ್ಗೆ ಪಕ್ಕದ ಮನೆಯವಳ ಹತ್ತಿರ ಏನು ಮಾತನಾಡಲಿ?" ಎಂದರು. ಹಾಗಾಗಿ ರೆಕಾರ್ಡ್ ಆಗುವುದು ಮಾವನವರ ಕ್ರಿಕೆಟ್. ಅವರಿಗೆ ಇನ್ನೂ ಹೇಳಿಲ್ಲ.