ಸಿ10 ಪಿಕಪ್: ಕಾರ್ಬ್ಯುರೇಟರ್ ಬದಲಿಸಿದ ಮೇಲೆ ಗೇರ್ ಜಾರ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನಿರೋದು ಟೆಕ್ಸಾಸ್‌ನಲ್ಲಿ. ಗಾಡಿ 1985ರ ಷೆವ್ರೊಲೆಟ್ ಸಿ10, 305 ವಿ8 ಎಂಜಿನ್, 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹೋದ ತಿಂಗಳು ಹಳೇ ಕ್ವಾಡ್ರಾಜೆಟ್ ತೆಗೆದು ಬೇರೆ ಕಾರ್ಬ್ಯುರೇಟರ್ ಕೂರಿಸಿದೆ. ಅವತ್ತಿಂದ ಗೇರ್ ತೀರಾ ಬೇಗ, ಮೆತ್ತಗೆ ಬೀಳ್ತಿದೆ. ಏರಿನಲ್ಲಿ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಅಳತೆ ಕಡ್ಡಿ) ನೋಡಿದ್ರೆ ಆಯಿಲ್ ಫುಲ್ ಗೆರೆಗಿಂತ ಮೇಲಿದೆ. ಸ್ವಲ್ಪ ತೆಗೀಲಾ?

ಉತ್ತರ:
ದಯವಿಟ್ಟು ತೆಗೀಬೇಡಿ. ಎಂಜಿನ್ ನಿಂತಿದ್ದಾಗ ಟಾರ್ಕ್ ಕನ್ವರ್ಟರ್‌ನಿಂದ (ಎಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ಕೊಡೋ ಭಾಗ) ಆಯಿಲ್ ಗೇರ್‌ಬಾಕ್ಸಿನ ತಳದ ಪ್ಯಾನ್‌ಗೆ ಇಳಿದಿರುತ್ತೆ, ಆ ಅಳತೆ ನಂಬೋ ಹಾಗಿಲ್ಲ. ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಓಡಿಸಿ ಬನ್ನಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಲಿವರನ್ನ ಎಲ್ಲಾ ಗೇರಿಗೂ ಒಮ್ಮೆ ಹಾಕಿ ಪಾರ್ಕ್‌ಗೆ ತನ್ನಿ. ಎಂಜಿನ್ ಓಡ್ತಿರುವಾಗಲೇ ನೋಡಿ. (ಹಳೇ ಡಾಡ್ಜ್ ಗಾಡಿಯ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಆಗಿದ್ರೆ ನ್ಯೂಟ್ರಲ್‌ನಲ್ಲಿ ನೋಡ್ಬೇಕಿತ್ತು.) ಆಡ್ ಗೆರೆಯಿಂದ ಫುಲ್ ಗೆರೆಗೆ ಒಂದೇ ಪೈಂಟ್, ಅಂದ್ರೆ ಅರ್ಧ ಲೀಟರಿನಷ್ಟು. ಡೆಕ್ಸ್ರಾನ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲನ್ನೇ ಸ್ವಲ್ಪ ಸ್ವಲ್ಪ ಹಾಕಿ. ಜಾಸ್ತಿಯಾದ್ರೆ ನೊರೆ ಬಂದು ಆಗಲೂ ಜಾರುತ್ತೆ.

ಆದರೆ ನನ್ನ ನಿಜವಾದ ಅನುಮಾನ ಟಿವಿ ಕೇಬಲ್ ಮೇಲೆ (ಟಿವಿ ಅಂದ್ರೆ ಥ್ರಾಟಲ್ ವಾಲ್ವ್; ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸಿಗೆ ಹೋಗೋ ಕೇಬಲ್). ಹಳೇ ಟಿಎಚ್350 ಗೇರ್‌ಬಾಕ್ಸಿನಲ್ಲಿ ಕೇಬಲ್ ಇರೋದು ಬರೀ ಕಿಕ್‌ಡೌನ್‌ಗೆ, ಅಂದ್ರೆ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಕೆಳಗಿನ ಗೇರಿಗೆ ಇಳಿಸೋಕೆ. 700ಆರ್4ರಲ್ಲಿ ಆಯಿಲ್ ಪ್ರೆಶರ್ ಏರೋದೇ ಈ ಕೇಬಲಿನ ಎಳೆತದಿಂದ. ಸಡಿಲ ಬಿಟ್ಟು ಓಡಿಸಿದ್ರೆ ಮೂರು-ನಾಲ್ಕನೇ ಗೇರಿನ ಕ್ಲಚ್ ಸುಟ್ಟುಹೋಗುತ್ತೆ. ಸರಿ ಮಾಡೋವರೆಗೂ ಅಳತೆ ನೋಡೋಕೆ ಬಿಟ್ಟು ಬೇರೆಲ್ಲೂ ಓಡಿಸ್ಬೇಡಿ, ಅದನ್ನೂ ಮೆಲ್ಲಗೆ.

ಎಂಜಿನ್ ಆಫ್ ಮಾಡಿ. ಕಾರ್ಬ್ಯುರೇಟರ್ ಹತ್ತಿರದ ಅಡ್ಜಸ್ಟರಿನ ಪುಟ್ಟ ಗುಂಡಿ ಒತ್ತಿ ಹಿಡಿದು, ಕೇಬಲಿನ ಕವಚವನ್ನ ಥ್ರಾಟಲ್ ಲಿವರಿನಿಂದ ದೂರಕ್ಕೆ, ತಡೆಯೋವರೆಗೂ ತಳ್ಳಿ. ಗುಂಡಿ ಬಿಟ್ಟು, ಥ್ರಾಟಲ್ ಲಿವರನ್ನ ಕೈಯಿಂದಲೇ ಪೂರ್ತಿ ತೆರೀರಿ. ಕಟಕಟ ಅಂತ ತಾನೇ ಸರಿಯಾಗಿ ಕೂರುತ್ತೆ. ಹೊಸ ಕಾರ್ಬ್ಯುರೇಟರಿನ ಲಿವರಿನಲ್ಲಿ ಕೇಬಲ್ ಸಿಕ್ಕಿಸೋ ಜಾಗ ಕ್ವಾಡ್ರಾಜೆಟ್‌ನದರ ಥರ ಇರಲ್ಲ, ಅದನ್ನ ಸರಿಪಡಿಸೋ ಬ್ರ್ಯಾಕೆಟ್ ಬೇರೆ ಸಿಗುತ್ತೆ. ಅದಿಲ್ಲದೆ ಎಷ್ಟು ಅಡ್ಜಸ್ಟ್ ಮಾಡಿದ್ರೂ ಎಳೆತ ಸರಿಹೋಗಲ್ಲ.

ಪ್ರಶ್ನೆ ಕೇಳಿದವರು:
ಬಿಸಿಯಾದ ಮೇಲೆ ನೋಡಿದ್ರೆ ಆಯಿಲ್ ಆಡ್ ಗೆರೆಯಲ್ಲಿತ್ತು! ಒಂದು ಪೈಂಟ್ ಹಾಕಿದೆ. ಬ್ರ್ಯಾಕೆಟ್ ತರಿಸಿ ಕೇಬಲ್ ಹೊಂದಿಸಿದೆ. ಈಗ ಎರಡನೇ ಗೇರ್ ಗಟ್ಟಿಯಾಗಿ ಕಚ್ಚುತ್ತೆ ಸರ್. ಏರಿನಲ್ಲಿ ಮೂರನೇದು ಮಾತ್ರ ಇನ್ನೂ ಒಂಚೂರು ಜಾರ್ತಿದೆ.

ಉತ್ತರ:
ಹಾಗಾದ್ರೆ ಆ ಕ್ಲಚ್ ಒಂದು ತಿಂಗಳಲ್ಲೇ ಪೆಟ್ಟು ತಿಂದಿರಬೇಕು. ಪ್ಯಾನ್ ಇಳಿಸಿ ನೋಡಿ. ತಳದಲ್ಲಿ ತೆಳುವಾದ ಬೂದು ಬಣ್ಣದ ಕೆಸರು ಮಾಮೂಲು, ಫಿಲ್ಟರ್ ಬದಲಿಸಿ ಮುಚ್ಚಿ. ಕಪ್ಪು ಚೂರು, ಸುಟ್ಟ ವಾಸನೆ ಇದ್ರೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು. ಪ್ಯಾನಿನ ಫೋಟೋ ಹಾಕಿ, ನೋಡಿ ಹೇಳ್ತೀನಿ.